ಮೈಲು ಉಳಿಸೋದಾ, ಖರ್ಚು ಮಾಡೋದಾ?

ವಿಮಾನದ ಮೈಲುಗಳ (ವಿಮಾನ ಕಂಪನಿಗಳು ಪ್ರಯಾಣಿಕರ ಖಾತೆಗೆ ಹಾಕುವ, ಮುಂದೆ ಟಿಕೆಟ್ಟಿಗೆ ಬಳಸಬಹುದಾದ ಪಾಯಿಂಟುಗಳ) ಬಗ್ಗೆ ಬಂದ ಒಂದು ಪ್ರಶ್ನೆಗೆ ಕಳೆದ ಸಂಚಿಕೆಯಲ್ಲಿ ಚಿಕ್ಕದಾಗಿ ಉತ್ತರ ಕೊಟ್ಟಿದ್ದೆವು. ಅದಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಇದೇ ವಿಷಯದ್ದು. ಹಾಗಾಗಿ ಈ ಸಲ ಅಂಕಣ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ನಮ್ಮ ಮನೆಯವರು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ. ಆಫೀಸ್ ಕೆಲಸಕ್ಕೆ ಸಿಂಗಪುರ, ಸಿಡ್ನಿ ಅಂತ ಓಡಾಡಿ ಅವರ ಕ್ರಿಸ್‌ಫ್ಲೈಯರ್ (ಸಿಂಗಪುರ್ ಏರ್‌ಲೈನ್ಸಿನ ಮೈಲು ಯೋಜನೆ) ಖಾತೆಯಲ್ಲಿ ಒಂದೂಮುಕ್ಕಾಲು ಲಕ್ಷದಷ್ಟು ಮೈಲು ಸೇರಿದೆ. ಇನ್ನೂ ಕೂಡಿಸಿ ಮಕ್ಕಳ ಜೊತೆ ಬಿಸಿನೆಸ್ ಕ್ಲಾಸಿನಲ್ಲಿ ಯುರೋಪಿಗೆ ಹೋಗೋಣ ಅನ್ನುವುದು ಅವರ ಆಸೆ. ಈ ಮಧ್ಯೆ ಅಮೆರಿಕದ ಸ್ಯಾನ್ ಹೋಸೆಯಲ್ಲಿರುವ ನನ್ನ ತಂಗಿಗೆ ಫೆಬ್ರವರಿಯಲ್ಲಿ ದಿನ ತುಂಬುತ್ತದೆ. ಬಾಣಂತನಕ್ಕೆ ಹಾಸನದಿಂದ ಅಪ್ಪ, ಅಮ್ಮ ಹೋಗಬೇಕು. ಅವರ ಟಿಕೆಟ್ಟಿಗೆ ಈ ಮೈಲು ಬಳಸೋಣ ಅಂದರೆ ‘ಎಕಾನಮಿಗೆ ಮೈಲು ಸುರಿಯೋದು ದಂಡ’ ಅನ್ನುತ್ತಾರೆ. ಯಾರು ಹೇಳುವುದು ಸರಿ?
– ಓದುಗರೊಬ್ಬರು, ವಿಜಯನಗರ

ಉತ್ತರ: ಅಪ್ಪ, ಅಮ್ಮನ ಟಿಕೆಟ್ಟಿಗೆ ಬಳಸಿ ಮೇಡಂ. ಈ ಪ್ರಯಾಣ ಆಗಲೇ ನಿಶ್ಚಯವಾಗಿದೆ, ತಿಂಗಳು ಗೊತ್ತಿದೆ, ಮೈಲು ಇಲ್ಲದಿದ್ದರೆ ನೀವು ಕೈಯಿಂದ ದುಡ್ಡು ಹಾಕಿಯೇ ಕಳಿಸುತ್ತಿದ್ದಿರಿ. ಮೈಲು ಖರ್ಚು ಮಾಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಇಲ್ಲ.

ಹಾಗಂತ ನಿಮ್ಮ ಯಜಮಾನರ ಮಾತು ತಳ್ಳಿಹಾಕುವಂಥದ್ದಲ್ಲ. ಅವರು ಹೇಳುವುದರ ಹಿಂದೆ ಒಂದು ಲೆಕ್ಕ ಇದೆ, ಮೈಲು ಕೂಡಿಸುವವರೆಲ್ಲ ಹಾಕುವ ಲೆಕ್ಕ ಅದು. ಟಿಕೆಟ್ಟಿನ ನಗದು ಬೆಲೆ ತೆಗೆದುಕೊಳ್ಳಿ, ಮೈಲು ಟಿಕೆಟ್ಟಿಗೂ ಕಟ್ಟಬೇಕಾದ ತೆರಿಗೆ, ಶುಲ್ಕಗಳನ್ನು ಅದರಲ್ಲಿ ಕಳೆಯಿರಿ, ಉಳಿದದ್ದನ್ನು ಮೈಲುಗಳಿಂದ ಭಾಗಿಸಿ. ಒಂದು ಮೈಲಿಗೆ ಎಷ್ಟು ರೂಪಾಯಿ ಸಿಕ್ಕಿತು ಅಂತ ಗೊತ್ತಾಗುತ್ತದೆ. ಹೋಗಿ ಬರುವ ಎಕಾನಮಿ ಟಿಕೆಟ್ 1,00,000 ರೂಪಾಯಿ, ಮೈಲಿನಲ್ಲಾದರೆ 80,000 ಮೈಲು ಮತ್ತು 12,000 ರೂಪಾಯಿ ತೆರಿಗೆ ಅಂತ ಇಟ್ಟುಕೊಳ್ಳಿ. 88,000ವನ್ನು 80,000ದಿಂದ ಭಾಗಿಸಿದರೆ ಮೈಲಿಗೆ 1 ರೂಪಾಯಿ 10 ಪೈಸೆ. ಅದೇ ಬಿಸಿನೆಸ್ ಕ್ಲಾಸಿಗೆ ನಗದು 3,60,000, ಮೈಲಿನಲ್ಲಿ 2,00,000 ಮತ್ತು ತೆರಿಗೆ 20,000 ಅಂತ ಹಿಡಿದರೆ ಮೈಲಿಗೆ 1 ರೂಪಾಯಿ 70 ಪೈಸೆ. (ಇವು ಲೆಕ್ಕ ತೋರಿಸಲು ಹಾಕಿದ ಅಂಕಿ ಅಷ್ಟೇ. ನಿಜವಾದ ದರ ನೀವು ಹುಡುಕಿದ ದಿನ ಏನಿರುತ್ತದೋ ಅದು.) ಮೇಲ್ನೋಟಕ್ಕೆ ಬಿಸಿನೆಸ್ ಕ್ಲಾಸೇ ಲಾಭ, ಅಲ್ವಾ?

ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಮೈಲು ಇಲ್ಲದಿದ್ದರೆ ಆ ಸೀಟಿಗೆ ನೀವು 3,60,000 ಕೊಡುತ್ತಿದ್ದಿರಾ? ಬಹುಪಾಲು ಮನೆಗಳಲ್ಲಿ ಇಲ್ಲ. ‘ಆ ಸುಖಕ್ಕೆ ಒಂದೂವರೆ ಲಕ್ಷದವರೆಗೆ ಕೊಟ್ಟೇವು’ ಅನ್ನುವವರಿಗೆ ಆ ಸೀಟಿನ ಬೆಲೆ ಒಂದೂವರೆ ಲಕ್ಷವೇ. ಅದರಲ್ಲಿ 20,000 ಕಳೆದು 2,00,000ದಿಂದ ಭಾಗಿಸಿ ನೋಡಿ, ಮೈಲಿಗೆ ಬರುವುದು 65 ಪೈಸೆ. ನಿಮ್ಮ ತಂದೆ, ತಾಯಿಯ ಟಿಕೆಟ್ಟಿನಲ್ಲಿ ಸಿಗುವ 1 ರೂಪಾಯಿ 10 ಪೈಸೆ ನಿಜವಾಗಿ ನಿಮ್ಮ ಬ್ಯಾಂಕ್ ಖಾತೆಯಲ್ಲಿ ಉಳಿಯುವ ದುಡ್ಡು. ಯಾವತ್ತೂ ಕೊಡದೇ ಇದ್ದ ದುಡ್ಡನ್ನು ಉಳಿಸಿದೆವು ಅಂತ ಲೆಕ್ಕಕ್ಕೆ ಹಿಡಿಯುವುದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಯುರೋಪ್ ಪ್ರವಾಸದ ಮಾತು. ಕ್ರಿಸ್‌ಫ್ಲೈಯರ್ ಮೈಲಿಗೆ ಆಯಸ್ಸು ಮೂರೇ ವರ್ಷ. ಗಳಿಸಿದ ತಿಂಗಳಿಂದ ಮೂರು ವರ್ಷ ಕಳೆದರೆ ಆ ಕಂತು ಹೋಯಿತು, ನಡುವೆ ಹೊಸ ಮೈಲು ಸೇರಿಸಿದರೂ ಹಳೆಯದರ ಗಡುವು ಮುಂದಕ್ಕೆ ಹೋಗುವುದಿಲ್ಲ. ಇವತ್ತೇ ಖಾತೆ ತೆರೆದು, ಯಾವ ತಿಂಗಳಲ್ಲಿ ಎಷ್ಟು ಮೈಲಿನ ಅವಧಿ ಮುಗಿಯುತ್ತದೆ ಅನ್ನುವ ಪಟ್ಟಿ ಇಬ್ಬರೂ ಕೂತು ನೋಡಿ. ಶುಲ್ಕ ಕಟ್ಟಿ ಆರು ತಿಂಗಳು ಮುಂದೂಡುವ ಅವಕಾಶ ಇದೆ, ಆದರೆ ಅದೂ ಖರ್ಚೇ. ಇದರ ಮೇಲೆ ಮಕ್ಕಳ ಶಾಲೆ ರಜೆ, ಅಂದರೆ ಏಪ್ರಿಲ್, ಮೇ ಇಲ್ಲವೇ ದಸರಾ, ಎಲ್ಲರೂ ಹೊರಡುವ ಕಾಲ. ಮೈಲಿಗೆ ಅಂತ ವಿಮಾನ ಕಂಪನಿಗಳು ಬಿಡುವ ಬಿಸಿನೆಸ್ ಕ್ಲಾಸ್ ಸೀಟುಗಳೇ ಕಡಿಮೆ. ಒಂದು ಸಂಸಾರಕ್ಕೆ ಬೇಕಾಗುವಷ್ಟು ಸೀಟು ಒಂದೇ ವಿಮಾನದಲ್ಲಿ, ಅದೂ ರಜೆಯಲ್ಲಿ ಸಿಗುವುದು ತುಂಬಾ ಕಷ್ಟ. ಸುಮ್ನೆ ಕೂಡಿಡುತ್ತಾ ಹೋದರೆ ಒಂದು ಕಡೆ ಹಳೆಯದು ಉದುರುತ್ತದೆ, ಇನ್ನೊಂದು ಕಡೆ ಸೀಟೂ ಸಿಕ್ಕಿರುವುದಿಲ್ಲ.

ಈಗ ಕೆಲಸದ ಮಾತು. ಬೆಂಗಳೂರಿನಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆ, ಅಲ್ಲಿಂದ ತಂಗಿಯ ಊರಿಗೆ ಹತ್ತಿರದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನದಲ್ಲಿ ಹದಿನೈದು ಗಂಟೆ ಹತ್ತಿರ. ದೊಡ್ಡವರಿಗೆ ಒಂದೇ ಕಡೆ ವಿಮಾನ ಬದಲಿಸುವ ದಾರಿ ಒಳ್ಳೆಯದು. ಸಿಂಗಪುರ್ ಏರ್‌ಲೈನ್ಸ್ ತನ್ನದೇ ವಿಮಾನಗಳ ಮೈಲು ಟಿಕೆಟ್ಟಿಗೆ ಇಂಧನ ಸರ್ಚಾರ್ಜ್ (ಇಂಧನದ ಹೆಸರಿನ ಹೆಚ್ಚುವರಿ ಶುಲ್ಕ) ಹಾಕುವುದನ್ನು 2017ರಲ್ಲೇ ನಿಲ್ಲಿಸಿದೆ, ಹಾಗಾಗಿ ಕಟ್ಟಬೇಕಾದದ್ದು ತೆರಿಗೆ ಮತ್ತು ನಿಲ್ದಾಣದ ಶುಲ್ಕ ಮಾತ್ರ. ಇದು ಎಲ್ಲ ಕಡೆ ಹೀಗಿರುವುದಿಲ್ಲ. ಯುರೋಪಿನ ಕೆಲವು ಕಂಪನಿಗಳ ಮೈಲು ಟಿಕೆಟ್ಟಿನಲ್ಲಿ ಸರ್ಚಾರ್ಜೇ ಅರ್ಧ ಟಿಕೆಟ್ ದುಡ್ಡಿನಷ್ಟು ಬಂದುಬಿಡುತ್ತದೆ, ಆಮೇಲೆ ‘ಫ್ರೀ ಟಿಕೆಟ್’ ಅನ್ನುವ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಸೀಟು 355 ದಿನ ಮೊದಲೇ ತೆರೆಯುತ್ತದೆ, ಆದ್ದರಿಂದ ಫೆಬ್ರವರಿ ಈಗಾಗಲೇ ಬುಕಿಂಗಿಗೆ ಸಿಗಬೇಕು. ಕಡಿಮೆ ಮೈಲಿನ ಸೇವರ್ ದರದಲ್ಲಿ ಎರಡು ಸೀಟು ಇದೆಯಾ ನೋಡಿ. ಇಲ್ಲದಿದ್ದರೆ ವೇಟ್‌ಲಿಸ್ಟ್ ಹಾಕಿಡಿ, ನಾಲ್ಕು ದಿನ ಹಿಂದೆ ಮುಂದೆ ಹುಡುಕಿ.

ಬಾಣಂತನದ ಪ್ರಯಾಣಕ್ಕೆ ಮೈಲು ಯಾಕೆ ಅಷ್ಟು ಚೆನ್ನಾಗಿ ಹೊಂದುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆರಿಗೆ ಹೇಳಿದ ದಿನಕ್ಕೇ ಆಗುವುದಿಲ್ಲ. ಎರಡು ವಾರ ಮುಂಚೆ ಆದರೆ ಅಮ್ಮ ತಕ್ಷಣ ಹೊರಡಬೇಕು. ವಾಪಸ್ ಬರುವ ದಿನವಂತೂ ಮಗು, ತಾಯಿಯ ಆರೋಗ್ಯ ನೋಡಿಕೊಂಡು ನಿರ್ಧಾರ ಆಗುವಂಥದ್ದು. ಅಗ್ಗದ ನಗದು ಟಿಕೆಟ್ಟಿನಲ್ಲಿ ದಿನ ಬದಲಿಸಿದರೆ ದಂಡ, ಜೊತೆಗೆ ಅವತ್ತಿನ ದರದ ವ್ಯತ್ಯಾಸ. ಮೈಲು ಟಿಕೆಟ್ಟಿನಲ್ಲಿ ಸಾಮಾನ್ಯವಾಗಿ ಬದಲಾವಣೆ ಶುಲ್ಕ ಕಡಿಮೆ, ರದ್ದು ಮಾಡಿದರೂ ಒಂದಿಷ್ಟು ಶುಲ್ಕ ಹಿಡಿದು ಮೈಲು ವಾಪಸ್ ಹಾಕುತ್ತಾರೆ. ಅಷ್ಟರಲ್ಲಿ ಅವಧಿ ಮುಗಿದ ಮೈಲು ಮಾತ್ರ ವಾಪಸ್ ಬರುವುದಿಲ್ಲ, ಇದು ನೆನಪಿರಲಿ. ಇನ್ನೊಂದು ಅನುಕೂಲ: ನಗದಿನಲ್ಲಿ ಒಂದೇ ಕಡೆಯ ಅಂತರರಾಷ್ಟ್ರೀಯ ಟಿಕೆಟ್ ಎಷ್ಟೋ ಸಲ ಹೋಗಿ ಬರುವ ಟಿಕೆಟ್ಟಿನ ಅರ್ಧಕ್ಕಿಂತ ತುಂಬಾ ಜಾಸ್ತಿ ಇರುತ್ತದೆ, ಮೈಲಿನಲ್ಲಿ ಸರಿಯಾಗಿ ಅರ್ಧ. ಅಪ್ಪ ಮೂರು ತಿಂಗಳಿಗೆ ತೋಟದ ಕೆಲಸಕ್ಕೆ ವಾಪಸ್ ಬರುತ್ತೇನೆ ಅಂದರೆ, ಅಮ್ಮ ಐದು ತಿಂಗಳು ಇರುತ್ತೇನೆ ಅಂದರೆ, ಬೇರೆ ಬೇರೆ ದಿನಕ್ಕೆ ಒಂದೊಂದು ಸೀಟು ತೆಗೆಯಬಹುದು.

ನಿಮ್ಮ ಯಜಮಾನರು ತಮ್ಮ ಖಾತೆಯಲ್ಲಿ ಅತ್ತೆ, ಮಾವನ ಹೆಸರನ್ನು ನಾಮಿನಿಗಳಾಗಿ, ಅಂದರೆ ಆ ಮೈಲಿನಲ್ಲಿ ಟಿಕೆಟ್ ಪಡೆಯಬಹುದಾದವರಾಗಿ ಸೇರಿಸಬೇಕು. ಐದು ಜನರಿಗೆ ಅವಕಾಶ ಇದೆ. ಇಲ್ಲಿ ನಮ್ಮ ಕಡೆಯವರಿಗೆ ಯಾವಾಗಲೂ ಬರುವ ತೊಂದರೆ ಇನಿಷಿಯಲ್. ಅಪ್ಪ ಎಲ್ಲ ಕಡೆ ಹೆಸರಿನ ಹಿಂದೆ ಎರಡು ಅಕ್ಷರ ಹಾಕಿ ಸಹಿ ಮಾಡುತ್ತಾರೆ, ಪಾಸ್‌ಪೋರ್ಟಿನಲ್ಲಿ ಆ ಅಕ್ಷರಗಳನ್ನು ಬಿಡಿಸಿ ಊರ ಹೆಸರು, ತಂದೆಯ ಹೆಸರು ಪೂರ್ತಿ ಬರೆದಿರುತ್ತಾರೆ. ಅಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ ಇರಬಹುದು. ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಟೈಪ್ ಮಾಡಿ. ಆಮೇಲೆ ಸರಿಪಡಿಸಲು ಹೋದರೆ ಆ ಹೊತ್ತಿಗೆ ಸೀಟು ಹೋಗಿರುತ್ತದೆ. ಬುಕ್ ಮಾಡುವಾಗಲೇ ವೀಲ್‌ಚೇರ್ ಬೇಕು ಅಂತ ಗುರುತು ಹಾಕಿ. ಅದಕ್ಕೆ ದುಡ್ಡಿಲ್ಲ. ಮೊದಲ ಸಲ ಹೋಗುವವರಿಗೆ ಸಿಂಗಪುರದಲ್ಲಿ ಮುಂದಿನ ವಿಮಾನದ ಗೇಟಿನವರೆಗೆ ಕರೆದುಕೊಂಡು ಹೋಗುವವರು ಒಬ್ಬರಿದ್ದರೆ ಭಾಷೆಯ ಭಯವೂ ಇರುವುದಿಲ್ಲ.

ಇಷ್ಟಾದ ಮೇಲೆ ಮಿಕ್ಕ ಮೈಲಿನಲ್ಲಿ ಯಜಮಾನರ ಆಸೆಗೂ ಜಾಗ ಮಾಡಿ. ಯುರೋಪ್ ಬೇಕೇ ಬೇಕು ಅಂದರೆ ಇಂಥ ವರ್ಷ, ಇಂಥ ತಿಂಗಳು ಅಂತ ಇಬ್ಬರೂ ಸೇರಿ ಗಟ್ಟಿ ಮಾಡಿಕೊಳ್ಳಿ. ದಿನಾಂಕ ಇಟ್ಟುಕೊಂಡು ಕೂಡಿಸಿದರೆ ನನ್ನದೇನೂ ಅಡ್ಡಿ ಇಲ್ಲ.

ಪ್ರಶ್ನೆ: ನನ್ನ ಹತ್ತಿರ ಇರುವುದು ಅಮೆರಿಕದ ಯುನೈಟೆಡ್ ಏರ್‌ಲೈನ್ಸಿನ ಮೈಲುಗಳು. ಇವುಗಳ ಅವಧಿ ಮುಗಿಯುವುದೇ ಇಲ್ಲವಂತೆ. ಹಾಗಾದರೆ ನಿವೃತ್ತಿಯ ಮೇಲೆ ಬಳಸಲು ಇಟ್ಟುಕೊಳ್ಳಬಹುದಲ್ಲ?
– ಬನಶಂಕರಿ ಓದುಗರು

ಉತ್ತರ: ಅವಧಿ ಮುಗಿಯುವುದಿಲ್ಲ, ನಿಜ. 2019ರಿಂದ ಯುನೈಟೆಡ್ ಆ ನಿಯಮ ತಂದಿದೆ. ಅದೇ ವರ್ಷ ಎಲ್ಲಿಂದ ಎಲ್ಲಿಗೆ ಎಷ್ಟು ಮೈಲು ಅನ್ನುವ ತನ್ನ ಪಟ್ಟಿಯನ್ನೂ ತೆಗೆದುಹಾಕಿತು. ಅಮೆರಿಕದ್ದೇ ಇನ್ನೊಂದು ವಿಮಾನ ಕಂಪನಿ ಡೆಲ್ಟಾ ಪಟ್ಟಿ ತೆಗೆಯುವ ಕೆಲಸವನ್ನು 2015ರಲ್ಲೇ ಮಾಡಿತ್ತು. ಪಟ್ಟಿ ಇಲ್ಲ ಅಂದರೆ ಇವತ್ತಿನ ಸೀಟಿಗೆ ಇವತ್ತು ಅವರು ಕೇಳಿದಷ್ಟು ಮೈಲು. ನಿಮ್ಮ ಖಾತೆಯಲ್ಲಿರುವ ಅಂಕಿ ಹಾಗೇ ಇರುತ್ತದೆ, ಅದರಿಂದ ಸಿಗುವ ಪ್ರಯಾಣ ಮಾತ್ರ ವರ್ಷ ವರ್ಷ ಕಡಿಮೆಯಾಗುತ್ತಾ ಹೋಗಬಹುದು. ಬ್ಯಾಂಕಿನ ಎಫ್‌ಡಿಗೆ ಬಡ್ಡಿ ಇದೆ, ಬೆಲೆ ಏರಿಕೆಯ ಜೊತೆ ಅದು ಸ್ವಲ್ಪವಾದರೂ ಹೆಜ್ಜೆ ಹಾಕುತ್ತದೆ. ಮೈಲಿಗೆ ಬಡ್ಡಿ ಇಲ್ಲ. ನಿಯಮ ಬದಲಿಸುವ ಹಕ್ಕು ಪೂರ್ತಿ ಕಂಪನಿಯ ಕೈಯಲ್ಲಿದೆ, ಸದಸ್ಯರಾಗುವಾಗ ನಾವು ಒಪ್ಪಿಕೊಂಡ ಷರತ್ತಿನಲ್ಲೇ ಅದು ಬರೆದಿರುತ್ತದೆ.

ಕಂಪನಿಯೇ ಇಲ್ಲದೆ ಹೋಗುವ ಅಪಾಯವೂ ಇದೆ, ಬೆಂಗಳೂರಿನವರಿಗೆ ಇದನ್ನು ಬೇರೆಯವರು ಹೇಳಬೇಕಾಗಿಲ್ಲ. ನಮ್ಮ ಊರಿನದೇ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ ಕಿಂಗ್ ಕ್ಲಬ್ ಮೈಲು ಕೂಡಿಟ್ಟವರಿಗೆ ಹತ್ತಲು ವಿಮಾನವೇ ಇರಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಅದರ ಮೈಲು ಯೋಜನೆ ಬೇರೆ ಕಂಪನಿಯಾಗಿದ್ದರಿಂದ ಮೈಲು ಪೂರ್ತಿ ಮುಳುಗಲಿಲ್ಲ, ಇಂಟರ್‌ಮೈಲ್ಸ್ ಅಂತ ಹೆಸರು ಬದಲಿಸಿಕೊಂಡು ಮುಂದುವರಿಯಿತು. ಆದರೆ ಯಾವ ಜೆಟ್ ವಿಮಾನಕ್ಕಾಗಿ ಜನ ಅದನ್ನು ಕೂಡಿಸಿದ್ದರೋ ಅದೇ ಇರಲಿಲ್ಲ. ವಿಸ್ತಾರಾ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿದಾಗ ವಿಸ್ತಾರಾದ ಮೈಲು ಯೋಜನೆ ಕ್ಲಬ್ ವಿಸ್ತಾರಾದ ಸದಸ್ಯರು ಏರ್ ಇಂಡಿಯಾದ ಯೋಜನೆ ಮಹಾರಾಜ ಕ್ಲಬ್ಬಿಗೆ ಹೋದರು. ಅಲ್ಲಿ ಪಾಯಿಂಟ್ ಉಳಿಯಿತು, ನಿಯಮಗಳು ಹೊಸ ಮನೆಯವು.

ನಿವೃತ್ತಿಗೆ ಎಷ್ಟು ವರ್ಷ ಇದೆ ಅಂತ ನೀವು ಬರೆದಿಲ್ಲ. ಎರಡು ವರ್ಷವಾದರೆ ಇಟ್ಟುಕೊಳ್ಳಿ. ಅದಕ್ಕಿಂತ ಜಾಸ್ತಿ ಅಂದರೆ ಇಟ್ಟುಕೊಳ್ಳಬೇಡಿ. ಕಾಲು ಗಟ್ಟಿ ಇರುವಾಗ ಒಂದು ಪ್ರಯಾಣ ಮಾಡಿಬನ್ನಿ, ನಿವೃತ್ತಿಯ ಹೊತ್ತಿಗೆ ಬೇಕಾದ ದುಡ್ಡನ್ನು ದುಡ್ಡಿನ ರೂಪದಲ್ಲೇ ಉಳಿಸಿ.

ಪ್ರಶ್ನೆ: ಕ್ರೆಡಿಟ್ ಕಾರ್ಡಿನಲ್ಲಿ ತುಂಬಾ ಪಾಯಿಂಟ್ ಇದೆ. ಈ ತಿಂಗಳು ಅದನ್ನು ವಿಮಾನ ಕಂಪನಿಗೆ ವರ್ಗ ಮಾಡಿ ಮೈಲಾಗಿಸಿಕೊಂಡರೆ ಬೋನಸ್ ಕೊಡುತ್ತಾರಂತೆ. ಈಗಲೇ ವರ್ಗ ಮಾಡಿಬಿಡಲಾ?
– ಜಯನಗರ 4ನೇ ಬ್ಲಾಕಿನ ಓದುಗರು

ಉತ್ತರ: ಎಲ್ಲಿಗೆ, ಯಾವಾಗ ಹೋಗುತ್ತೀರಿ ಅಂತ ಗೊತ್ತಿದ್ದು, ಆ ದಿನಕ್ಕೆ ಸೀಟು ಇರುವುದನ್ನು ಕಣ್ಣಾರೆ ನೋಡಿದ್ದರೆ ಮಾತ್ರ ಮಾಡಿ. ವರ್ಗ ಮಾಡಿದ ಪಾಯಿಂಟ್ ವಾಪಸ್ ಬರುವುದಿಲ್ಲ. ಕಾರ್ಡಿನಲ್ಲಿರುವ ತನಕ ಅದು ನಾಲ್ಕಾರು ಕಂಪನಿಗಳಲ್ಲಿ ಯಾವುದಕ್ಕೆ ಬೇಕಾದರೂ ಹೋಗಬಹುದು, ಒಂದು ಕಡೆ ಹೋದ ಮೇಲೆ ಅಲ್ಲಿಯ ಗಡುವು, ಅಲ್ಲಿಯ ನಿಯಮ. ಕೆಲವು ವರ್ಗಾವಣೆ ನಿಮಿಷಗಳಲ್ಲಿ ಆಗುತ್ತದೆ, ಕೆಲವಕ್ಕೆ ದಿನಗಟ್ಟಲೆ ಬೇಕು, ಅಷ್ಟರಲ್ಲಿ ನೋಡಿಟ್ಟ ಸೀಟು ಬೇರೆಯವರ ಪಾಲಾಗಬಹುದು. ಅದಕ್ಕೇ ಎರಡು ಮೂರು ದಿನಾಂಕ ಹುಡುಕಿಟ್ಟುಕೊಂಡು ಆಮೇಲೆ ಬಟನ್ ಒತ್ತಿ.

ಹಾಗಂತ ಕಾರ್ಡಿನಲ್ಲೇ ವರ್ಷಗಟ್ಟಲೆ ಬಿಡುವುದೂ ಬೇಡ. 2023ರಲ್ಲಿ ನಮ್ಮ ದೇಶದ ಒಂದು ದೊಡ್ಡ ಖಾಸಗಿ ಬ್ಯಾಂಕು ತನ್ನ ದುಬಾರಿ ಕಾರ್ಡೊಂದರ ವರ್ಗಾವಣೆ ಅನುಪಾತವನ್ನು 5ಕ್ಕೆ 4 ಇದ್ದದ್ದನ್ನು 5ಕ್ಕೆ 2 ಮಾಡಿತು. ಒಂದು ಲಕ್ಷ ಪಾಯಿಂಟಿಗೆ 80,000 ಮೈಲು ಸಿಗುತ್ತಿದ್ದ ಕಡೆ 40,000 ಆಯಿತು. ಜನ ಬಾಡಿಗೆ, ಇನ್ಶೂರೆನ್ಸ್, ಶಾಲೆ ಫೀಸು ಎಲ್ಲ ಅದೇ ಕಾರ್ಡಿನಲ್ಲಿ ಕಟ್ಟಿ ಕೂಡಿಸಿದ್ದ ಪಾಯಿಂಟುಗಳು ಅವು. ಅದರ ಹಿಂದಿನ ಶ್ರಮ ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಮತ್ತೊಂದು ಮಾತು. ಬಿಲ್ ಪೂರ್ತಿ ಕಟ್ಟದೆ ಬಾಕಿ ಉಳಿಸಿಕೊಳ್ಳುವ ಅಭ್ಯಾಸ ಇದ್ದರೆ ಪಾಯಿಂಟಿನ ಯೋಚನೆಯನ್ನೇ ಬಿಡಿ. ಕಾರ್ಡಿನ ಬಡ್ಡಿಯ ಮುಂದೆ ಯಾವ ಮೈಲೂ ನಿಲ್ಲುವುದಿಲ್ಲ.

ಪ್ರಶ್ನೆ: 18,000 ಪಾಯಿಂಟ್ ಇದೆ, ಎರಡು ತಿಂಗಳಲ್ಲಿ ಹೋಗುತ್ತದೆ. ವಯಸ್ಸಾಯಿತು, ಪ್ರಯಾಣ ಇಲ್ಲ. 4,500 ರೂಪಾಯಿಯ ಶಾಪಿಂಗ್ ವೋಚರ್ ತೋರಿಸುತ್ತಿದ್ದಾರೆ. ತೆಗೆದುಕೊಂಡರೆ ನಷ್ಟವೇ?
– ಹಿರಿಯ ಓದುಗರು, ಮಲ್ಲೇಶ್ವರ

ಉತ್ತರ: ಪಾಯಿಂಟಿಗೆ 25 ಪೈಸೆ ಬಿದ್ದ ಹಾಗಾಯಿತು ಸರ್, ಕಡಿಮೆಯೇ. ಮೊದಲು ಮಕ್ಕಳು, ಮೊಮ್ಮಕ್ಕಳಲ್ಲಿ ಯಾರಿಗಾದರೂ ಟಿಕೆಟ್ ಬೇಕಾ ಕೇಳಿ. ಗಡುವಿನೊಳಗೆ ಬುಕ್ ಮಾಡಿದರೆ ಸಾಕು, ಪ್ರಯಾಣ ಆಮೇಲೆ ಇದ್ದರೂ ಸಾಮಾನ್ಯವಾಗಿ ನಡೆಯುತ್ತದೆ. ಯಾರಿಗೂ ಬೇಡ ಅಂದರೆ ಧೈರ್ಯವಾಗಿ ವೋಚರ್ ತೆಗೆದುಕೊಳ್ಳಿ. ಬಿಟ್ಟರೆ ಸೊನ್ನೆ.

ಪ್ರಶ್ನೆ: ನಮ್ಮ ಯಜಮಾನರು ಮಳೆಗಾಲದಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ವಿಮಾನದ ಮೈಲುಗಳಿವೆ ಅಂತ ಈಗ ಇಮೇಲ್ ನೋಡಿದಾಗ ಗೊತ್ತಾಯಿತು. ನನಗೆ ಸಿಗುತ್ತವೆಯೇ?
– ಬಸವೇಶ್ವರನಗರ

ಉತ್ತರ: ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ ಅಮ್ಮಾ. ಸಿಗಬಹುದು, ಸಿಗದೇ ಇರಬಹುದು, ಅದು ಆಯಾ ಕಂಪನಿಯ ನಿಯಮದ ಮೇಲೆ ಹೋಗುತ್ತದೆ. ಬಹಳಷ್ಟು ಯೋಜನೆಗಳು ಮೈಲನ್ನು ಸದಸ್ಯರ ಆಸ್ತಿ ಅಂತ ಒಪ್ಪುವುದಿಲ್ಲ. ಕೆಲವು ಕಂಪನಿಗಳು ಕುಟುಂಬದವರ ಖಾತೆಗೆ ಹಾಕಿಕೊಡುತ್ತವೆ, ಕೆಲವು ಖಾತೆ ಮುಚ್ಚುತ್ತವೆ. ಕೇಳದೆ ಬಿಡಬೇಡಿ. ಸದಸ್ಯತ್ವದ ಸಂಖ್ಯೆ, ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ, ಸಂಬಂಧ ತೋರಿಸುವ ದಾಖಲೆ ಇಷ್ಟನ್ನೂ ಸ್ಕ್ಯಾನ್ ಮಾಡಿ ಇಮೇಲ್ ಕಳಿಸಿ. ಬರೀ ಫೋನಿನಲ್ಲಿ ಹೇಳಿದರೆ ದಾಖಲೆ ಉಳಿಯುವುದಿಲ್ಲ. ಅರ್ಜಿಗೆ ಕಾಲಮಿತಿ ಇರಬಹುದು, ಹಾಗಾಗಿ ತಡ ಮಾಡಬೇಡಿ. ಅವರ ಕ್ರೆಡಿಟ್ ಕಾರ್ಡಿನಲ್ಲೂ ಪಾಯಿಂಟ್ ಇದ್ದರೆ, ಕಾರ್ಡ್ ಮುಚ್ಚಿಸುವ ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಿ, ಮುಚ್ಚಿದ ಮೇಲೆ ಸಾಮಾನ್ಯವಾಗಿ ಅವು ಹೋಗುತ್ತವೆ. ‘ನಾವು ಬಿಡಿಸಿಕೊಡುತ್ತೇವೆ, ಓಟಿಪಿ ಹೇಳಿ’ ಅಂತ ಯಾರೇ ಫೋನ್ ಮಾಡಿದರೂ ಇಟ್ಟುಬಿಡಿ.

ಇದನ್ನು ಓದುತ್ತಿರುವ ಮಿಕ್ಕವರಿಗೆ: ಎಲ್‌ಐಸಿ ಬಾಂಡ್, ಪಾಸ್‌ಬುಕ್ ಇಡುವ ಫೈಲಿನಲ್ಲೇ ಮೈಲು ಖಾತೆಯ ಸಂಖ್ಯೆಯನ್ನೂ ಒಂದು ಹಾಳೆಯಲ್ಲಿ ಬರೆದಿಡಿ, ಮನೆಯವರಿಗೆ ಗೊತ್ತಿರಲಿ.

ಪ್ರಶ್ನೆ: ಮಗ ದೆಹಲಿಯಲ್ಲಿದ್ದಾನೆ. ದೀಪಾವಳಿಗೆ ಬೆಂಗಳೂರಿಗೆ ಬರಬೇಕು. ಟಿಕೆಟ್ ದರ ಈಗಲೇ ಏರುತ್ತಿದೆ. ಅವನ ಪಾಯಿಂಟ್ ಬಳಸಿದರೆ ಲಾಭವೇ?
– ಯಲಹಂಕ ಓದುಗರು

ಉತ್ತರ: ವಿಜಯನಗರದವರಿಗೆ ಹೇಳಿದ ಭಾಗಾಕಾರವನ್ನೇ ಇಲ್ಲೂ ಮಾಡಿ. ಮಾಮೂಲಿ ದಿನಗಳಲ್ಲಿ ದೇಶದೊಳಗಿನ ಅಗ್ಗದ ಟಿಕೆಟ್ಟಿಗೆ ಪಾಯಿಂಟ್ ಹಾಕಿದರೆ ಜಾಸ್ತಿ ಏನೂ ಸಿಗುವುದಿಲ್ಲ. ಹಬ್ಬದ ಕಾಲ ಬೇರೆ. ಅವನ ಯೋಜನೆಯಲ್ಲಿ ಈ ದೂರಕ್ಕೆ ಇಷ್ಟು ಅಂತ ನಿಗದಿ ಇದ್ದರೆ, ನಗದು ದರ ಏರಿದಷ್ಟೂ ಅವನ ಪಾಯಿಂಟಿಗೆ ಬೆಲೆ. ನಗದಿನ ಜೊತೆ ಪಾಯಿಂಟೂ ಏರುವ ಯೋಜನೆಯಾದರೆ ವಿಶೇಷ ಲಾಭ ಇಲ್ಲ, ಆಗ ಕೈಯಲ್ಲಿ ದುಡ್ಡಿದ್ದರೆ ದುಡ್ಡು ಕೊಡಿ, ಇಲ್ಲದಿದ್ದರೆ ಪಾಯಿಂಟ್ ಬಳಸಿ, ಹಬ್ಬಕ್ಕೆ ಮಗ ಮನೆಗೆ ಬರುವುದು ಮುಖ್ಯ. ಹಬ್ಬದ ಹಿಂದಿನ ಸಂಜೆಯ ವಿಮಾನ ಬಿಟ್ಟು ಎರಡು ದಿನ ಮುಂಚಿನ ಬೆಳಗಿನದ್ದು ನೋಡಲು ಹೇಳಿ. ಸೀಟು ಇದ್ದರೆ ಅಲ್ಲೇ ಸಿಗುತ್ತದೆ. ವಾಪಸ್ ಹೋಗುವ ಟಿಕೆಟ್ಟನ್ನೂ ಅವತ್ತೇ ತೆಗೆದುಬಿಡಲಿ.